ಅಪ್ಪನ ಪಾಮ್ ಎಂ100: ಒಳಗಿದ್ದ ಕನ್ನಡ ಬರಹ ಮತ್ತೆ ಸಿಗುತ್ತಾ?

ಮಲೆನಾಡ ಮಳೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಹಳೇ ಅಂಗೈ ಕಂಪ್ಯೂಟರ್ ಇಟ್ಟುಕೊಂಡವರು ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಸೇರ್ತೀರಿ ಅಂತ ಗೆಳತಿ ಹೇಳಿದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವಾರ ಅಟ್ಟ ಗುಡಿಸುವಾಗ ಅಪ್ಪನ ಪಾಮ್ ಎಂ100 ಅನ್ನುವ ಅಂಗೈ ಕಂಪ್ಯೂಟರ್ ಸಿಕ್ಕಿತು. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. 2001ರಲ್ಲಿ ಚಿಕ್ಕಪ್ಪ ಅಮೆರಿಕದಿಂದ ತಂದುಕೊಟ್ಟದ್ದು. ಅಪ್ಪನಿಗೆ ವಿಮೆ ಏಜೆನ್ಸಿ ಇತ್ತು, ಜೊತೆಗೆ ಅಡಿಕೆ ತೋಟ. ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ಅಂಗಿ ಜೇಬಿನಲ್ಲಿ ಇದು. ಎರಡೂ ಇಲ್ಲದೆ ಮನೆಯಿಂದ ಹೊರಡುತ್ತಿರಲಿಲ್ಲ. ಇದರ ಮುಚ್ಚಳದಲ್ಲಿ ಒಂದು ಸಣ್ಣ ಕಿಟಕಿ ಇದೆ. ಮುಚ್ಚಳ ತೆಗೆಯದೆಯೇ ಗುಂಡಿ ಒತ್ತಿದರೆ ಆ ಕಿಟಕಿಯಲ್ಲಿ ಗಂಟೆ ಕಾಣುತ್ತದೆ. ಬಸ್ಸಿಗೆ ಕಾಯುವಾಗ ಅಪ್ಪ ಅದನ್ನು ಒತ್ತಿ ಒತ್ತಿ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಒತ್ತಿದರೆ ಏನೂ ಇಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದೆ. ಸೆಲ್ಲು ಎರಡೂ ಸೋರಿ ಬಿಳೀ ಪುಡಿ ಕಟ್ಟಿದೆ. ಸ್ಪ್ರಿಂಗು ಹಸಿರಾಗಿದೆ.

ಮಿಷನ್ ಹೋದರೂ ಪರವಾಗಿಲ್ಲ, ನನಗೆ ಒಳಗಿದ್ದ ಬರಹ ಬೇಕು. ಇದಕ್ಕೆ ಕನ್ನಡ ಗೊತ್ತಿರಲಿಲ್ಲ. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರೆಯಲು ಮನಸ್ಸಿರಲಿಲ್ಲ. ಇದರಲ್ಲಿ ನೋಟ್ ಪ್ಯಾಡ್ ಅಂತ ಒಂದು ಇತ್ತಲ್ಲ, ಅದರ ಕಡ್ಡಿಯಲ್ಲಿ (ಸ್ಟೈಲಸ್) ಗೀಚಿದ್ದು ಗೀಚಿದ ಹಾಗೇ ಉಳಿಯುತ್ತಿತ್ತು. ಅಪ್ಪ ಅದರಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದರು. ಯಾರ ಕಂತು ಬಾಕಿ, ಗೊಬ್ಬರ ಎಷ್ಟು ಚೀಲ, ಎಲ್ಲಾ. ತೋಟದ ಪೈಪ್‌ಲೈನ್ ಎಲ್ಲೆಲ್ಲಿ ಹೋಗಿದೆ ಅಂತಲೂ ಅದರಲ್ಲೇ ಚಿತ್ರ ಬರೆದಿಟ್ಟಿದ್ದರು. ಈಗ ಒಂದು ಕಡೆ ನೀರು ಸೋರುತ್ತಿದೆ. ನೆಲದೊಳಗಿನ ಗೇಟ್ ವಾಲ್ವ್ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿಲ್ಲ.

ಹೊಸ ಸೆಲ್ ಹಾಕಿದರೆ ಬರಹ ಬರುತ್ತಾ? ದಯವಿಟ್ಟು ಹೇಳಿ.

ಹಳೇ ಸ್ಟೈಲಸ್

ಬನ್ನಿ ಮೇಡಂ, ಬರೆದದ್ದು ಒಳ್ಳೆಯದಾಯಿತು. ಬೇಸರದ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಆ ಮಿಷನ್ನಿನ ಒಳಗೆ ಈಗ ಏನೂ ಉಳಿದಿಲ್ಲ.

ಆ ಕಾಲದ ಪಾಮ್‌ಗಳಲ್ಲಿ ನಾವು ಬರೆದದ್ದೆಲ್ಲ ರ್‍ಯಾಮ್‌ನಲ್ಲೇ ಇರುತ್ತಿತ್ತು. ಎಂ100ನಲ್ಲಿ ಇದ್ದದ್ದು 2 ಎಂಬಿ. ವಿದ್ಯುತ್ ಇರುವವರೆಗೆ ಮಾತ್ರ ಅದಕ್ಕೆ ನೆನಪು. ಸೆಲ್ ಬದಲಾಯಿಸುವಾಗ ಒಳಗಿನ ಕೆಪಾಸಿಟರ್ ಸುಮಾರು ಒಂದು ನಿಮಿಷ ಹಿಡಿದುಕೊಳ್ಳುತ್ತಿತ್ತು, ಅಷ್ಟೇ. ಅದಕ್ಕೇ ನಾವೆಲ್ಲ ಹೊಸ ಸೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ ಮೇಲೇ ಹಳೇದನ್ನು ತೆಗೆಯುತ್ತಿದ್ದೆವು. ವರ್ಷಗಟ್ಟಲೆ ಅಟ್ಟದ ಮೇಲಿದ್ದದ್ದರಲ್ಲಿ ಏನೂ ಸಿಗುವುದಿಲ್ಲ.

ಆದರೆ ಒಂದು ದಾರಿ ಇದೆ. ಇದನ್ನು ಕಂಪ್ಯೂಟರಿಗೆ ಜೋಡಿಸಿ ಹಾಟ್‌ಸಿಂಕ್ ಮಾಡುತ್ತಿದ್ದರಾ? ಪಾಮ್ ಮಾಡಿದ ದೊಡ್ಡ ಉಪಕಾರ ಅದು. ಗುಂಡಿ ಒತ್ತಿದರೆ ಒಳಗಿದ್ದದ್ದರ ಪ್ರತಿ ಕಂಪ್ಯೂಟರಿಗೆ ಹೋಗುತ್ತಿತ್ತು. ಒಮ್ಮೆ ಮಾಡಿದ್ದರೂ ಸಾಕು, ಆ ದಿನದವರೆಗಿನದು ಸಿಗಬಹುದು. ಆ ಕಾಲದ ಕಂಪ್ಯೂಟರ್ ಎಲ್ಲಿದೆ? ಗುಜರಿಗೆ ಹಾಕಿದ್ದೀರಾ? ಅದನ್ನು ಹೇಳಿ ಮೊದಲು.

ಬೆಸುಗೆ

ಹುಬ್ಬಳ್ಳಿಯಿಂದ ನಮಸ್ಕಾರ ಅಕ್ಕಾರೆ. ಬರಹದ ಮಾತು ಸ್ಟೈಲಸ್ ಸರ್ ನೋಡಿಕೊಳ್ತಾರೆ. ಮಿಷನ್ ಮಾತ್ರ ಎಸೆಯಬೇಡಿ, ಅದು ಬದುಕುತ್ತದೆ. ನಾನು ಇಂಥವು ಹತ್ತಾರು ನೋಡಿದ್ದೇನೆ.

ಆ ಬಿಳೀ ಪುಡಿ ಆಲ್ಕಲೈನ್ ಸೆಲ್ ಸೋರಿದ್ದು. ಒಳಗಿನ ಕ್ಷಾರ ಹೊರಗೆ ಬಂದು ಗಾಳಿ ಸೇರಿ ಪುಡಿಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬಾಯಿಂದ ಊದಬೇಡಿ, ಕಣ್ಣಿಗೆ ಹೋದರೆ ಕಷ್ಟ. ಕೈಗವಸು ಹಾಕಿಕೊಂಡು ಸೆಲ್ಲು ತೆಗೆಯಿರಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ, ಹಿಂಡಿ, ಪುಡಿ ಮೇಲೆ ಇಡಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ ಆಗುತ್ತದೆ. ಸಣ್ಣಗೆ ನೊರೆ ಬರುತ್ತದೆ. ನೊರೆ ನಿಲ್ಲುವವರೆಗೆ ಕಡ್ಡಿ ಬದಲಿಸುತ್ತಾ ಹೋಗಿ. ಹನಿ ಒಳಗೆ ಇಳಿಯಬಾರದು, ಅದಕ್ಕೇ ಹಿಂಡಿ ಅಂದದ್ದು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಹಸಿರು ಹಿಡಿದ ಸ್ಪ್ರಿಂಗನ್ನು ನುಣುಪು ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ. ತಾಮ್ರದ ಬಣ್ಣವೋ ಬೆಳ್ಳಿ ಬಣ್ಣವೋ ಕಂಡರೆ ಸಾಕು, ಜಾಸ್ತಿ ಉಜ್ಜಬೇಡಿ.

ರಿಮೋಟಿಗೆ ಹಾಕುವ ಸಣ್ಣ ಸೆಲ್ಲು ಎರಡು ಹಾಕಿ ನೋಡಿ. ಪರದೆ ಬಂದು ಕಡ್ಡಿ ಮುಟ್ಟಿಸುವ ಜಾಗ ತೋರಿಸಿದರೆ ಗೆದ್ದಿರಿ.

ಮಲೆನಾಡ ಮಳೆ

ಒಳಗೆ ಏನೂ ಇಲ್ಲ ಅಂತ ಓದಿ ಒಂದು ಗಳಿಗೆ ಸುಮ್ನೆ ಕೂತುಬಿಟ್ಟೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ.

ಅಣ್ಣ ಪ್ರತಿ ಭಾನುವಾರ ಎಣ್ಣೆ ಸ್ನಾನ ಮುಗಿಸಿ ಅಪ್ಪನ ಪಾಮ್‌ಗೆ ವೈರ್ ಹಾಕಿ ಹಾಟ್‌ಸಿಂಕ್ ಮಾಡಿಕೊಡುತ್ತಿದ್ದನಂತೆ! ನನಗೆ ಮರೆತೇ ಹೋಗಿತ್ತು. ಆ ಟಣಟಣ ಸದ್ದು ಈಗ ನೆನಪಾಗುತ್ತಿದೆ. ಕಂಪ್ಯೂಟರ್ ವಿಂಡೋಸ್ 98. ಕ್ಯಾಬಿನೆಟ್ ಅವನ ಶಿವಮೊಗ್ಗದ ಮನೆಯಲ್ಲಿ, ಮೆಟ್ಟಿಲ ಕೆಳಗೆ ಇದೆಯಂತೆ. ಆನ್ ಆಗುವುದಿಲ್ಲ.

ಬೆಸುಗೆ ಅಣ್ಣ, ನಿಂಬೆಹಣ್ಣಿನಲ್ಲಿ ಮಾಡಿದೆ. ನೀವು ಹೇಳಿದ ಹಾಗೇ ನೊರೆ ಬಂತು. ಗಾಳಿಗೆ ಬಿಟ್ಟಿದ್ದೇನೆ.

ಹಳೇ ಸ್ಟೈಲಸ್

ಕ್ಯಾಬಿನೆಟ್ ಆನ್ ಆಗದಿದ್ದದ್ದೇ ಒಳ್ಳೆಯದು. ಆನ್ ಮಾಡಲು ಹೋಗಲೇಬೇಡಿ. ಅಷ್ಟು ಹಳೇ ಪವರ್ ಸಪ್ಲೈ ಡಿಸ್ಕನ್ನೂ ಕರೆದುಕೊಂಡು ಹೋದೀತು.

ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿ ತನ್ನಿ. ಅಗಲವಾದ ಪಟ್ಟಿ ಕೇಬಲ್ ಇರುವ ಐಡಿಇ ಡಿಸ್ಕ್ ಇರಬೇಕು. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಈಗಲೂ ಸಿಗುತ್ತದೆ. ಡಿಸ್ಕಿಗೆ ಬೇರೆ ಪವರ್ ಕೊಡುವ ಜಾತಿಯದನ್ನೇ ಕೇಳಿ. ಲ್ಯಾಪ್‌ಟಾಪಿನಿಂದ ಬರುವ ಕರೆಂಟು ಆ ದೊಡ್ಡ ಡಿಸ್ಕಿಗೆ ಸಾಲದು. ಡಿಸ್ಕಿನ ಹಿಂದೆ ಜಂಪರ್ ಅನ್ನುವ ಪುಟ್ಟ ಪಿನ್ ಮುಚ್ಚಳ ಇರುತ್ತದೆ, ಅದನ್ನು ಮಾಸ್ಟರ್‌ಗೆ ಇಡಿ. ಜೋಡಿಸಿದ ಮೇಲೆ ಟಕ್ ಟಕ್ ಸದ್ದು ಬಂದರೆ ತಕ್ಷಣ ಆರಿಸಿ ನನಗೆ ಹೇಳಿ. ಸದ್ದಿಲ್ಲದಿದ್ದರೆ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದುಕೊಳ್ಳಿ, ಹುಡುಕಾಟ ಆಮೇಲೆ.

ಪ್ರತಿಯಲ್ಲಿ ಪಾಮ್ ಅನ್ನುವ ಫೋಲ್ಡರ್ ನೋಡಿ. ಅದರೊಳಗೆ ಅಪ್ಪನ ಹೆಸರನ್ನು ಮೊಟಕು ಮಾಡಿದ ಹಾಗೆ ಇನ್ನೊಂದು ಫೋಲ್ಡರ್ ಇರುತ್ತದೆ. ಅದರೊಳಗೆ ಬ್ಯಾಕಪ್ ಅಂತ ಒಂದು. ಅಲ್ಲಿ ಪಿಡಿಬಿ ಅಂತ ಕೊನೆಯಾಗುವ ಫೈಲುಗಳಿದ್ದರೆ ಎಲ್ಲವನ್ನೂ ಹಾಗೆಯೇ ಎತ್ತಿಟ್ಟುಕೊಳ್ಳಿ. ಯಾವುದನ್ನೂ ಅಳಿಸಬೇಡಿ.

ಎರಡು ಸೆಲ್ಲು

ಡಿಸ್ಕ್ ಬರುವವರೆಗೆ ನನ್ನದೊಂದು ಮಾತು.

ನನ್ನ ಹತ್ತಿರ ಇರುವುದು ಎಚ್‌ಪಿ 200ಎಲ್‌ಎಕ್ಸ್ ಅನ್ನುವ ಅಂಗೈ ಕಂಪ್ಯೂಟರ್. 1994ರ ಮಾದರಿ. ಕಂಪಾಸ್ ಪೆಟ್ಟಿಗೆಗಿಂತ ಸ್ವಲ್ಪ ಅಗಲ. ಮುಚ್ಚಳ ತೆಗೆದರೆ ಒಳಗೆ ಪೂರ್ತಿ ಡಾಸ್ 5.0 ಆಪರೇಟಿಂಗ್ ಸಿಸ್ಟಮ್, ಅದರ ಜೊತೆ ಲೆಕ್ಕದ ಪಟ್ಟಿ ಮಾಡುವ ಲೋಟಸ್ 1-2-3. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತದೆ. ನಾನು ಸಣ್ಣ ಗುತ್ತಿಗೆದಾರ. ಸೈಟಿನಲ್ಲಿ ಸಿಮೆಂಟು, ಕಂಬಿ ಲೆಕ್ಕವನ್ನೆಲ್ಲ ಇದರಲ್ಲೇ ಮಾಡಿದ್ದೇನೆ. ನಿಂತುಕೊಂಡು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತುತ್ತಿದ್ದೆ. ಈಗ ಎಲ್ಲರೂ ಫೋನಿನಲ್ಲಿ ಮಾಡುವುದು ಅದೇ ಅಲ್ವಾ?

ಇದಕ್ಕೆ ಮೆಮೊರಿ ಕಾರ್ಡ್ ಹಾಕುವ ಜಾಗ ಇತ್ತು. ಸೆಲ್ಲು ಸತ್ತರೂ ಕಾರ್ಡಿನಲ್ಲಿದ್ದದ್ದು ಸಾಯುತ್ತಿರಲಿಲ್ಲ. ಅದಕ್ಕೇ 1997ರ ಲೆಕ್ಕ ಇವತ್ತಿಗೂ ನನ್ನ ಹತ್ತಿರ ಇದೆ. ಪಾಮ್‌ನವರು ಇಷ್ಟು ಸರಳ ಮಿಷನ್ ಮಾಡಿ ನಮ್ಮನ್ನೆಲ್ಲ ಹಿಂದೆ ಹಾಕಿದ್ದು ಹೇಗೆ ಅನ್ನುವುದು ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ತಿಳಿದವರು ಹೇಳಿ.

ಕೊಲ್ಲಿ ಕನ್ನಡಿಗ

ಎರಡು ಸೆಲ್ಲು ಸರ್, ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಒಂದು ಮರದ ತುಂಡು ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಅದೇ ಅಂತ ನನಗೆ ಅನ್ನಿಸುತ್ತದೆ.

ಜೆಫ್ ಹಾಕಿನ್ಸ್ ಪಾಮ್ ಮಾಡುವ ಮೊದಲು ಜೇಬಿಗೆ ಹಿಡಿಸುವ ಅಳತೆಗೆ ಒಂದು ಮರದ ತುಂಡು ಕೊಯ್ದುಕೊಂಡರು. ಚಾಪ್‌ಸ್ಟಿಕ್ ಕತ್ತರಿಸಿ ಅದನ್ನೇ ಸ್ಟೈಲಸ್ ಮಾಡಿಕೊಂಡರು. ಎಲ್ಲಿ ಹೋದರೂ ಜೇಬಿನಲ್ಲಿ ಅದೇ. ಯಾರಾದರೂ ಮಂಗಳವಾರ ಸಿಗೋಣವಾ ಅಂದರೆ ಮರದ ತುಂಡು ತೆಗೆದು ಅದರ ಮೇಲೆ ಕಡ್ಡಿಯಾಡಿಸಿ ದಿನಚರಿ ನೋಡಿದ ಹಾಗೆ ಮಾಡುತ್ತಿದ್ದರು. ಏನು ಬೇಕು, ಏನು ಬೇಡ, ಎಷ್ಟು ಸಲ ಒತ್ತಬೇಕಾಗುತ್ತದೆ, ಎಲ್ಲವೂ ಅದರಲ್ಲೇ ತೀರ್ಮಾನವಾಯಿತು.

ಅದಕ್ಕೂ ಮೊದಲು ಆಪಲ್‌ನ ನ್ಯೂಟನ್ 1993ರಲ್ಲಿ ಬಂದಿತ್ತು. ಜೇಬಿಗೆ ಹಿಡಿಸದಷ್ಟು ದೊಡ್ಡದು. ನಮ್ಮ ಬರವಣಿಗೆಯನ್ನು ತಾನೇ ಓದುತ್ತೇನೆ ಅಂತ ಹೊರಟು ಮೊದಲ ಮಾದರಿಯಲ್ಲಿ ತಪ್ಪು ತಪ್ಪು ಓದಿತು. ಹಾಕಿನ್ಸ್ ಮತ್ತು ಡೋನಾ ಡುಬಿನ್‌ಸ್ಕಿ ಕಡೆಯವರು 1996ರಲ್ಲಿ ತಂದ ಮೊದಲ ಪಾಮ್ ಆದ ಪೈಲಟ್ 1000ನಲ್ಲಿ ಇದ್ದದ್ದು ಬರೀ 128 ಕೆಬಿ ಮೆಮೊರಿ. ಬೆಲೆ 299 ಡಾಲರ್. ದಿನಚರಿ, ವಿಳಾಸ, ಮಾಡಬೇಕಾದ ಕೆಲಸ, ಟಿಪ್ಪಣಿ, ಇಷ್ಟೇ. ಗುಂಡಿ ಒತ್ತಿದ ಕ್ಷಣ ಎದುರಿಗೆ ಬರುತ್ತಿತ್ತು. ಕಾಯಿಸುತ್ತಿರಲಿಲ್ಲ.

ಆ ಮರದ ತುಂಡಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಮಗಳು ಬಂದು ಕೈ ಹಿಡಿದು ಎಳೆದುಕೊಂಡು ಹೋದಳು.

ಅಕ್ಷರ ಮೇಷ್ಟ್ರು

ಕೊಲ್ಲಿ ಕನ್ನಡಿಗರು ನ್ಯೂಟನ್ ಬರವಣಿಗೆ ಓದುವುದರ ಮಾತು ತೆಗೆದರು. ಪಾಮ್‌ನಲ್ಲಿ ಅಕ್ಷರ ಬರೆಯುವ ವಿಧಾನವಾದ ಗ್ರಾಫಿಟಿ ಬಗ್ಗೆ ಹೇಳದೆ ಇರಲಾರೆ. ನಾನು ಪ್ರಾಥಮಿಕ ಶಾಲೆ ಮೇಷ್ಟ್ರು, ಅಕ್ಷರ ತಿದ್ದಿಸುವುದೇ ನನ್ನ ಕೆಲಸ.

ಹಾಕಿನ್ಸ್ ಕಂಡುಕೊಂಡದ್ದು ಏನೆಂದರೆ, ಮಿಷನ್ನಿಗೆ ನಮ್ಮ ಕೈಬರಹ ಕಲಿಸುವುದಕ್ಕಿಂತ ನಾವೇ ಸ್ವಲ್ಪ ಬೇರೆ ಥರ ಬರೆಯಲು ಕಲಿಯುವುದು ಸುಲಭ. ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ಕಡ್ಡಿ ಎತ್ತದೆ ಒಂದೇ ಎಳೆಯಲ್ಲಿ ಬರೆಯಬೇಕು. ‘ಎ’ ಅಂದರೆ ನಡುವಿನ ಅಡ್ಡಗೆರೆ ಇಲ್ಲ, ಬರೀ ಗುಡಿಸಲ ಮಾಡು. ‘ಟಿ’ ಅಂದರೆ ಅಡ್ಡಕ್ಕೆ ಎಳೆದು ಕೆಳಗಿಳಿಸಿದರೆ ಮುಗಿಯಿತು. ‘ಕೆ’ ಮಾತ್ರ ಮೀನಿನ ಚಿತ್ರ ಬರೆದ ಹಾಗೆ. ಎಡದಿಂದ ಬಲಕ್ಕೆ ಗೆರೆ ಎಳೆದರೆ ಜಾಗ ಬಿಡುತ್ತದೆ, ಬಲದಿಂದ ಎಡಕ್ಕೆ ಎಳೆದರೆ ಅಳಿಸುತ್ತದೆ. ಬರೆಯುವ ಜಾಗದಲ್ಲಿ ಎಡಗಡೆ ಅಕ್ಷರಕ್ಕೆ, ಬಲಗಡೆ ಅಂಕಿಗೆ. ನನಗೆ ಎರಡು ದಿನದಲ್ಲಿ ಕೈಗೆ ಹತ್ತಿತು. ಇವತ್ತಿಗೂ ಕಪ್ಪು ಹಲಗೆ ಮೇಲೆ ಇಂಗ್ಲಿಷ್ ಬರೆಯುವಾಗ ಒಮ್ಮೊಮ್ಮೆ ಅಡ್ಡಗೆರೆ ಇಲ್ಲದ ‘ಎ’ ಬಂದುಬಿಡುತ್ತದೆ. ಮಕ್ಕಳು ತಿದ್ದುತ್ತಾರೆ.

ಕನ್ನಡಕ್ಕೆ ಇದನ್ನು ಮಾಡಬಹುದಿತ್ತಾ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ನಮ್ಮ ‘ರ’, ‘ಗ’, ‘ದ’ ಎಲ್ಲ ಒಂದೇ ಎಳೆಯಲ್ಲಿ ಬರುತ್ತವೆ, ದುಂಡಗೆ ಇವೆ, ಕೈಗೂ ಸಲೀಸು. ತೊಡಕು ಗುಣಿತ, ಒತ್ತಕ್ಷರದಲ್ಲಿ. ‘ಕ್ಷ್ಮಿ’ ಬರೆಯಲು ಎಷ್ಟು ಸಲ ಕಡ್ಡಿ ಎತ್ತಬೇಕು ನೋಡಿ! ಆದರೂ ಮೊದಲು ವ್ಯಂಜನ, ಆಮೇಲೆ ಒತ್ತು, ಕೊನೆಗೆ ಸ್ವರ ಅಂತ ಒಂದೊಂದೇ ಎಳೆ ಎಳೆದರೆ ಆಗಬಹುದಿತ್ತು. ಪಾಮ್‌ನಲ್ಲಿ ಅಕ್ಷರಗಳ ಮನೆಯಲ್ಲೇ ಕನ್ನಡಕ್ಕೆ ಕೋಣೆ ಇರಲಿಲ್ಲ. ಮಲೆನಾಡ ಮಳೆಯವರ ಅಪ್ಪ ಚಿತ್ರದ ಹಾಗೆ ಕನ್ನಡ ಬರೆದಿಟ್ಟರಲ್ಲ, ಅವರ ಬುದ್ಧಿ ದೊಡ್ಡದು.

ಕೆರೆ ಏರಿ

ಕನ್ನಡದ ಮಾತು ಬಂದ ಮೇಲೆ ಸಿಂಪ್ಯೂಟರ್ ಅನ್ನುವ ಅಂಗೈ ಕಂಪ್ಯೂಟರ್ ಬಿಟ್ಟು ಮುಂದೆ ಹೋಗಲು ನಾನು ಬಿಡುವುದಿಲ್ಲ. ಎಲ್ಲೋ ಅಮೆರಿಕದ ಕಥೆ ಅಲ್ಲ, ನಮ್ಮ ಯಶವಂತಪುರದ ಪಕ್ಕದಲ್ಲಿ ಹುಟ್ಟಿದ್ದು.

ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಮೇಷ್ಟ್ರುಗಳು: ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್. ಅವರ ಜೊತೆ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತವರ ಸಂಗಡಿಗರು. 1998ರ ಕೊನೆಯ ಹೊತ್ತಿಗೆ ಯೋಚನೆ ಶುರುವಾಯಿತು. 2001ರ ಏಪ್ರಿಲ್‌ನಲ್ಲಿ ಜನರ ಮುಂದೆ ಇಟ್ಟರು. ಒಳಗೆ ಸ್ಟ್ರಾಂಗ್‌ಆರ್ಮ್ ಚಿಪ್, ಮೇಲೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಈಗ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ. ಆದರೆ ಅಂಗೈ ಮೇಲೆ ಲಿನಕ್ಸ್ ಅನ್ನುವುದು 2001ರಲ್ಲಿ ಎಷ್ಟು ಜನಕ್ಕೆ ಹೊಳೆದಿತ್ತು?

ಪಾಮ್ ಮಾಡಿದವರ ಕಣ್ಣ ಮುಂದೆ ಇದ್ದದ್ದು ಜೇಬಿನಲ್ಲಿ ದಿನಚರಿ ಇಟ್ಟುಕೊಳ್ಳುವ ಒಬ್ಬ ಆಫೀಸಿನ ಮನುಷ್ಯ. ಸಿಂಪ್ಯೂಟರ್ ಮಾಡಿದವರ ಕಣ್ಣ ಮುಂದೆ ಇದ್ದದ್ದು ಒಂದು ಊರು. ಒಂದು ಮಿಷನ್ನನ್ನು ಊರಿನವರೆಲ್ಲ ಹಂಚಿಕೊಂಡು ಬಳಸಬೇಕು. ಅದಕ್ಕೆ ಸ್ಮಾರ್ಟ್ ಕಾರ್ಡ್ ಹಾಕುವ ಸೀಳು ಇಟ್ಟರು. ನಿಮ್ಮ ಕಾರ್ಡ್ ಹಾಕಿದರೆ ನಿಮ್ಮ ವಿವರ, ನನ್ನ ಕಾರ್ಡ್ ಹಾಕಿದರೆ ನನ್ನದು. ಓದಲು ಬಾರದವರಿಗೆ ಮಿಷನ್ನೇ ಓದಿ ಹೇಳಬೇಕು. ಅದಕ್ಕೆ ‘ಧ್ವನಿ’ ಅನ್ನುವ ತಂತ್ರಾಂಶ ಮಾಡಿದರು. ಕನ್ನಡವೂ ಅದರಲ್ಲಿತ್ತು. ನಮ್ಮ ಭಾಷೆ ಬರೆದ ಹಾಗೇ ಓದುವುದಲ್ವಾ, ಅಕ್ಷರದ ಸದ್ದುಗಳನ್ನು ಕೂಡಿಸುತ್ತಾ ಹೋದರೆ ಮಾತಾಗುತ್ತದೆ. ಅಷ್ಟು ಪುಟ್ಟ ಮಿಷನ್ನಿನಲ್ಲಿ ಅದು ಸಾಧ್ಯವಾದದ್ದಕ್ಕೆ ಅದೂ ಒಂದು ಕಾರಣ.

ನಾನು ಆಗ ಡಿಪ್ಲೊಮಾ ಓದುತ್ತಿದ್ದೆ. ಒಂದು ಪ್ರದರ್ಶನದಲ್ಲಿ ಕೈಗೆ ಕೊಟ್ಟರು. ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದೆ. ದನಿ ಒರಟಾಗಿತ್ತು, ಬಿಟ್ಟು ಬಿಟ್ಟು ಬರುತ್ತಿತ್ತು. ಆದರೆ ಕನ್ನಡ! ಒಂದು ಕಂಪ್ಯೂಟರ್ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದೆ ಸಾಲಿನಲ್ಲಿ ನಿಂತವರು ಬೈಯುವವರೆಗೂ ಕೆಳಗಿಡಲಿಲ್ಲ.

ಮುಂದೆ 2004ರಲ್ಲಿ ಬಿಇಎಲ್ ಜೊತೆ ಸೇರಿ ‘ಅಮಿಡಾ’ ಅನ್ನುವ ಹೆಸರಿನಲ್ಲಿ ಅಂಗಡಿಗೆ ತಂದರು. ಮಾದರಿಯ ಮೇಲೆ ₹9,950ರಿಂದ ₹19,950ರವರೆಗೆ. ಕೈಬರಹವನ್ನು ಹಾಗೆಯೇ ಇಮೇಲಿನಲ್ಲಿ ಕಳಿಸಬಹುದಿತ್ತು. ಕನ್ನಡ, ತುಳು, ಕೊಂಕಣಿ, ಏನು ಬರೆದರೂ ಆಯಿತು. ಮಲೆನಾಡ ಮಳೆಯವರ ಅಪ್ಪ ತಾವಾಗಿಯೇ ಕಂಡುಕೊಂಡ ದಾರಿಯನ್ನು ಇವರು ಬೇಕಂತಲೇ ಮಾಡಿಟ್ಟಿದ್ದರು. ಕೈಯಲ್ಲಿ ಹಿಡಿದು ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ ಅನ್ನುವುದನ್ನು ನೆನಪಿಡಿ.

ಎರಡು ಸೆಲ್ಲು

ಕೆರೆ ಏರಿಯವರೇ, ನಿಮ್ಮ ಅಭಿಮಾನ ನನಗೂ ಇದೆ. ಆದರೆ ನಡೆದದ್ದನ್ನೂ ಹೇಳಬೇಕಲ್ಲ. ಸಿಂಪ್ಯೂಟರ್ ಊರಿಗೆ ಹೋಗಲಿಲ್ಲ. ನಮ್ಮ ಚಿಂತಾಮಣಿ ಕಡೆ ಯಾರ ಕೈಯಲ್ಲೂ ನಾನು ಕಾಣಲಿಲ್ಲ. ಹತ್ತು ಸಾವಿರ ರೂಪಾಯಿ ಅಂದರೆ ಆಗ ರೈತನಿಗೆ ಒಂದು ಹಸುವಿನ ದುಡ್ಡು. ಹಸು ಹಾಲು ಕೊಡುತ್ತದೆ.

ಕೆರೆ ಏರಿ

ನಿಜ ಸರ್, ಮುಚ್ಚಿಡುವುದಿಲ್ಲ. ಕರ್ನಾಟಕದಲ್ಲಿ ಜಮೀನು ದಾಖಲೆ ಕೆಲಸಕ್ಕೆ ಪ್ರಯೋಗ ಮಾಡಿದರು. ಇನ್ನೂ ಕೆಲವು ಕಡೆ ಬಳಸಿದರು. ಆದರೆ ಅಂದುಕೊಂಡಷ್ಟು ಹರಡಲಿಲ್ಲ.

ಕಾರಣ ನನಗೆ ಕಾಣುವುದು ಹೀಗೆ. ಮೇಷ್ಟ್ರುಗಳು ವಿನ್ಯಾಸ ಮಾಡುತ್ತಿದ್ದಾಗ ಮೊಬೈಲ್ ಅಂದರೆ ದೊಡ್ಡವರ ವಸ್ತು. ಒಳಗೆ ಬರುವ ಕರೆಗೂ ದುಡ್ಡು. 2003ರಲ್ಲಿ ಎಲ್ಲ ತಲೆಕೆಳಗಾಯಿತು. ಒಳಕರೆ ಉಚಿತವಾಯಿತು. ರಿಲಯನ್ಸ್‌ನವರು ಮೊದಲಿಗೆ ₹501 ಕಟ್ಟಿಸಿಕೊಂಡು ಫೋನ್ ಕೈಗಿತ್ತರು. ಅದೇ ವರ್ಷ ನೋಕಿಯಾ 1100 ಬಂತು. ರೈತ ಮಾರುಕಟ್ಟೆ ರೇಟು ತಿಳಿಯಲು ಮಿಷನ್ ಕೊಳ್ಳಬೇಕಾಗಲಿಲ್ಲ, ಮಂಡಿಯವನಿಗೇ ಫೋನ್ ಮಾಡಿದ. ಅಮಿಡಾ ಅಂಗಡಿಗೆ ಬಂದಾಗ ಆ ಜಾಗ ಆಗಲೇ ತುಂಬಿತ್ತು.

ಆದರೂ ನೋಡಿ. ಇವತ್ತು ನಮ್ಮಮ್ಮ ಫೋನಿಗೆ ಕನ್ನಡದಲ್ಲಿ ಮಾತಾಡಿ ಹವಾಮಾನ ಕೇಳುತ್ತಾರೆ. ಫೋನು ಕನ್ನಡದಲ್ಲೇ ಉತ್ತರ ಹೇಳುತ್ತದೆ. ಮುಟ್ಟುವ ಪರದೆ, ಒಳಗೆ ಲಿನಕ್ಸ್, ನಮ್ಮ ಭಾಷೆಯ ದನಿ. ಈ ಮೂರನ್ನೂ ಒಂದೇ ಮಿಷನ್ನಿಗೆ ಸೇರಿಸಿ, ಇದು ಸಾಮಾನ್ಯ ಜನರಿಗೆ ಅಂತ ಹೇಳಿದವರು ನಮ್ಮೂರಿನಲ್ಲಿದ್ದರು. ಅದನ್ನು ಬಳಸುವ ಸ್ಥಿತಿಯಲ್ಲೇ ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಗಾಜಿನ ಪೆಟ್ಟಿಗೆಯಲ್ಲಿ ಆರಿಹೋದ ಪರದೆ ಇಟ್ಟರೆ ಮಕ್ಕಳಿಗೆ ಏನು ತಿಳಿಯುತ್ತದೆ? ಅದು ಮಾತಾಡಬೇಕು.

ಗುಂಡಿಮನೆ

ನಡುವೆ ಬಂದೆ, ಕ್ಷಮಿಸಿ. ಸಯಾನ್ ಕಂಪನಿಯ ಅಂಗೈ ಕಂಪ್ಯೂಟರ್ ಇಟ್ಟುಕೊಂಡವರು ಯಾರೂ ಇಲ್ಲವಾ? ನನ್ನ ಹತ್ತಿರ 1997ರ ಸೀರೀಸ್ 5 ಇದೆ. ಮುಚ್ಚಳ ತೆಗೆದರೆ ಗುಂಡಿಮನೆ (ಕೀಬೋರ್ಡ್) ಮುಂದಕ್ಕೆ ಜಾರಿ ಬಂದು ಪರದೆಗೆ ಆಸರೆಯಾಗುತ್ತದೆ. ಅಷ್ಟು ಸಣ್ಣದರಲ್ಲಿ ಹತ್ತೂ ಬೆರಳಿಟ್ಟು ಬರೆಯಬಹುದು. ಈ ಲಂಡನ್ ಕಂಪನಿಯ ಎಪಾಕ್ ಅನ್ನುವ ಸಿಸ್ಟಮ್ಮೇ 1998ರಲ್ಲಿ ಫೋನುಗಳ ಸಿಂಬಿಯನ್ ಆಯಿತು. ನೋಕಿಯಾ 6600 ಬಳಸಿದವರೆಲ್ಲ ಗೊತ್ತಿಲ್ಲದೆಯೇ ಸಯಾನ್ ಮನೆತನದವರೇ. ಮುಂದಿನ ಸಲ ತರುತ್ತೇನೆ, ಟೈಪ್ ಮಾಡಿ ನೋಡಿ.

ಮಲೆನಾಡ ಮಳೆ

ಸ್ಟೈಲಸ್ ಸರ್, ಡಿಸ್ಕ್ ತಿರುಗಿತು!

ಅಣ್ಣ ಶಿವಮೊಗ್ಗದಿಂದ ಬಿಚ್ಚಿ ತಂದ. ಅಡಾಪ್ಟರನ್ನು ಗೆಳತಿ ಎಸ್‌ಪಿ ರೋಡಿನಿಂದ ಬಸ್ಸಿನಲ್ಲಿ ಕಳಿಸಿದಳು. ಟಕ್ ಟಕ್ ಬರಲಿಲ್ಲ, ಬರೀ ಗುಯ್ ಅನ್ನುವ ಸದ್ದು. ಪೂರ್ತಿ ಪ್ರತಿ ತೆಗೆಯಲು ರಾತ್ರಿಯೆಲ್ಲ ಹಿಡಿಯಿತು. ನಡುವೆ ಎರಡು ಸಲ ಕರೆಂಟು ಹೋಯಿತು, ಯುಪಿಎಸ್ ಕಾಪಾಡಿತು. ಬೆಳಿಗ್ಗೆ ಕಾಫಿ ಕುಡಿಯುವುದಕ್ಕೂ ಮೊದಲು ಹುಡುಕಿದೆ. ಪಾಮ್ ಫೋಲ್ಡರ್ ಇದೆ. ಅದರೊಳಗೆ ಅಪ್ಪನ ಹೆಸರು, ಅರ್ಧಕ್ಕೆ ಕತ್ತರಿಸಿದ ಹಾಗೆ. ಅದರೊಳಗೆ ಬ್ಯಾಕಪ್. ಪಿಡಿಬಿ ಫೈಲುಗಳು ಇಪ್ಪತ್ತಕ್ಕೂ ಜಾಸ್ತಿ ಇವೆ. ಕೊನೇ ತಾರೀಕು 2006ರ ಒಂದು ಭಾನುವಾರ.

ತೆರೆದು ನೋಡಿದರೆ ಬರೀ ಗಜಿಬಿಜಿ ಅಕ್ಷರ. ಇದನ್ನು ಓದುವುದು ಹೇಗೆ?

ಹಳೇ ಸ್ಟೈಲಸ್

ಅಬ್ಬಾ, ಬಹಳ ಸಂತೋಷ ಆಯಿತು. ಗಜಿಬಿಜಿ ಕಂಡದ್ದು ಸರಿಯೇ, ಅವು ಪಾಮ್‌ಗೆ ಅರ್ಥವಾಗುವ ರೂಪದಲ್ಲಿವೆ.

ಕ್ಲೌಡ್‌ಪೈಲಟ್ ಅನ್ನುವ ಎಮ್ಯುಲೇಟರ್, ಅಂದರೆ ಹಳೇ ಮಿಷನ್ನಿನ ಹಾಗೇ ನಡೆದುಕೊಳ್ಳುವ ತಂತ್ರಾಂಶ, ಇದೆ. ಬ್ರೌಸರಿನಲ್ಲೇ ಪಾಮ್ ಎದ್ದು ಕೂರುತ್ತದೆ, ಫೋನಿನಲ್ಲೂ ಓಡುತ್ತದೆ. ಅದಕ್ಕೆ ಪಾಮ್‌ನ ಮೂಲ ಸಾಫ್ಟ್‌ವೇರಿನ ಪ್ರತಿ ಬೇಕು. ನನ್ನದೇ ಎಂ515ರಿಂದ ತೆಗೆದಿಟ್ಟುಕೊಂಡಿದ್ದೇನೆ, ನೋಟ್ ಪ್ಯಾಡ್ ಅದರಲ್ಲೂ ಇದೆ. ಆ ಫೈಲುಗಳ ಒಂದು ಪ್ರತಿ ನನಗೆ ಕಳಿಸಿ. ವಿಳಾಸ, ಲೆಕ್ಕದ ಫೈಲು ಬೇಡ, ನೋಟ್ ಪ್ಯಾಡಿಗೆ ಸೇರಿದ್ದು ಮಾತ್ರ ಸಾಕು. ಅಪ್ಪನ ಗ್ರಾಹಕರ ವಿವರ ನಿಮ್ಮ ಮನೆಯಲ್ಲೇ ಇರಲಿ.

ಹಳೇ ಸ್ಟೈಲಸ್

ಬಂತು ಮೇಡಂ.

ನಾಲ್ಕನೇ ಪುಟದವರೆಗೆ ನೋಡಿ ನಿಲ್ಲಿಸಿದ್ದೇನೆ. ಮುಂದಿನದನ್ನು ನೀವೇ ಮೊದಲು ನೋಡಬೇಕು. ಒಟ್ಟು 61 ಟಿಪ್ಪಣಿ ಇವೆ. ಭಾನುವಾರ ಎಲ್ಲರೂ ಜಯನಗರದಲ್ಲಿ ನಮ್ಮ ಮನೆಯಲ್ಲೇ ಸೇರುತ್ತಿದ್ದೇವೆ. ಅಪ್ಪನ ಎಂ100 ತೆಗೆದುಕೊಂಡು ಬನ್ನಿ. ಅದಕ್ಕೇ ವಾಪಸ್ ತುಂಬಿಸಿ ಕೊಡುತ್ತೇನೆ.

ಬೆಸುಗೆ

ನಾನೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬರುತ್ತೇನೆ. ಸ್ಪ್ರಿಂಗ್ ಕೈಕೊಟ್ಟರೆ ಕಷ್ಟ. ಬದಲಿ ತರುತ್ತೇನೆ, ಸೋಲ್ಡರ್ ಗನ್ನೂ ತರುತ್ತೇನೆ. ಪೇಡೆ ನನ್ನ ಕಡೆಯಿಂದ.

ಅಕ್ಷರ ಮೇಷ್ಟ್ರು

ಭಾನುವಾರ ಬರಲಾಗದವರಿಗಾಗಿ ಬರೆಯುತ್ತಿದ್ದೇನೆ.

ಹದಿನಾಲ್ಕು ಜನ ಸೇರಿದ್ದೆವು. ಚಾಪೆ ಮೇಲೆ ನ್ಯೂಟನ್ ಒಂದು, ಸಯಾನ್ ಎರಡು, ಪಾಮ್ ಒಂಬತ್ತೋ ಹತ್ತೋ, 200ಎಲ್‌ಎಕ್ಸ್ ಒಂದು. ಮಲೆನಾಡ ಮಳೆಯವರು ಅಣ್ಣನ ಜೊತೆ ಬಂದಿದ್ದರು. ಎಂ100 ಅನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ತಂದಿದ್ದರು. ಬೆಸುಗೆಯವರು ಒಂದು ಸ್ಪ್ರಿಂಗ್ ಬದಲಿಸಿದರು. ಹೊಸ ಸೆಲ್ಲು ಹಾಕಿದೊಡನೆ ಪರದೆ ಬಂತು. ಮೂಲೆ ಮುಟ್ಟು ಅಂದಿತು, ಅಣ್ಣ ಮುಟ್ಟಿದರು. ಸ್ಟೈಲಸ್ ಸರ್ ಸೀರಿಯಲ್ ಕೇಬಲ್ಲಿಗೆ ಯುಎಸ್‌ಬಿ ತುಂಡು ಜೋಡಿಸಿ, ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಪಾಮ್ ಜೊತೆ ಮಾತಾಡುವ ಪೈಲಟ್-ಲಿಂಕ್ ತಂತ್ರಾಂಶ ತೆರೆದರು. ಮೊದಲ ಎರಡು ಸಲ ಮಾತುಕತೆ ಕೂಡಲಿಲ್ಲ. ವೇಗ ಕಡಿಮೆ ಮಾಡಿ ಮೂರನೇ ಸಲ ಒತ್ತಿದಾಗ ಟಣಟಣ ಅಂತ ಸದ್ದು ಬಂತು. ಅಣ್ಣನ ಕಣ್ಣು ತುಂಬಿಬಿಟ್ಟವು.

ನೋಟ್ ಪ್ಯಾಡಿನಲ್ಲಿ ಬರೆದ ಹೊತ್ತೇ ತಲೆಬರಹ ಆಗಿರುತ್ತದೆ. ಪಟ್ಟಿ ನೋಡಿದರೆ ಹೆಚ್ಚಿನವು ಬೆಳಗಿನ ಜಾವದವು. 5:40, 5:25, 5:50. ಅಪ್ಪ ಕೊಟ್ಟಿಗೆ ಕೆಲಸ ಮುಗಿಸಿ ಜಗಲಿಯಲ್ಲಿ ಕೂತು ಬರೆಯುತ್ತಿದ್ದ ಹೊತ್ತು ಅದೇ ಅಂತ ಮಗಳು ಹೇಳಿದರು. ಪರದೆ ಅಡ್ಡಕ್ಕೆ 160 ಚುಕ್ಕಿ ಮಾತ್ರ. ಅದರಲ್ಲಿ ದೊಡ್ಡ ದೊಡ್ಡ ದುಂಡಕ್ಷರ, ಒಂದು ಸಾಲಿಗೆ ಎರಡೋ ಮೂರೋ ಪದ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಜಾಗ ಬಿಟ್ಟು ಬರೆದಿದ್ದಾರೆ. ಕಾಪಿ ಪುಸ್ತಕ ತಿದ್ದಿದ ಕೈ ಅದು. ‘ಪಾಪುಗೆ ಸ್ಲೇಟು, ಬಳಪ’ ಅಂತ ಒಂದು ಟಿಪ್ಪಣಿ. ಪಾಪು ಅಂದರೆ ಅಣ್ಣನ ಮಗ. ಈಗ ಇಂಜಿನಿಯರಿಂಗ್ ಕೊನೇ ವರ್ಷ.

ಪೈಪ್‌ಲೈನ್ ಚಿತ್ರ 38ನೆಯದು.

ಮಲೆನಾಡ ಮಳೆ

ನಿನ್ನೆ ಮಧ್ಯಾಹ್ನ ನಾನೂ ಅಣ್ಣನೂ ಪಾಮ್ ಹಿಡಿದುಕೊಂಡು ತೋಟಕ್ಕೆ ಇಳಿದೆವು. ಅಪ್ಪ ಬಾವಿಗೆ ಒಂದು ಸೊನ್ನೆ ಹಾಕಿದ್ದಾರೆ. ಅಲ್ಲಿಂದ ಒಂದು ಗೆರೆ, ಬಸಿಗಾಲುವೆ ದಾಟುವಲ್ಲಿ ಎರಡು ಅಡ್ಡಗೀಟು. ಕೊಟ್ಟಿಗೆ ಕಡೆಯಿಂದ ಏಳನೇ ಮರದ ಹತ್ತಿರ ‘ವಾ’ ಅಂತ ಬರೆದು ಸುತ್ತಿದ್ದಾರೆ. ಪಕ್ಕದಲ್ಲಿ ‘3 ಅಡಿ, ಬೇಲಿ ಕಡೆ’.

ಏಳನೇ ಮರ ಈಗ ಇಲ್ಲ. ಬುಡದ ಗುರುತು ಇತ್ತು. ಅಣ್ಣ ಮೂರು ಅಡಿ ಅಳೆದ. ಬಿದ್ದ ಸೋಗೆ ಸರಿಸಿ ಗುದ್ದಲಿ ಹಾಕಿದ. ಮೊಣಕೈ ಆಳ ತೆಗೆದಾಗ ಒಂದು ಕಲ್ಲು ಚಪ್ಪಡಿ ಸಿಕ್ಕಿತು. ಅದನ್ನು ಎತ್ತಿದರೆ ಕೆಳಗೆ ವಾಲ್ವ್. ತುಕ್ಕು ಹಿಡಿದಿತ್ತು, ಎಣ್ಣೆ ಬಿಟ್ಟು ತಿರುಗಿಸಿದಾಗ ತಿರುಗಿತು. ನೀರು ನಿಂತಿತು.

ಅಮ್ಮ ಪಾಮ್ ತೆಗೆದುಕೊಂಡು ಜಗಲಿಯಲ್ಲಿ ಕೂತಿದ್ದಾರೆ. ಒಂದೊಂದೇ ಪುಟ ತಿರುಗಿಸುವುದನ್ನು ಪಾಪು ಕಲಿಸಿಕೊಟ್ಟಿದ್ದಾನೆ. ಅಮ್ಮನಿಗೆ ಹೆದರಿಕೆ, ಎಲ್ಲಿ ಅಳಿಸಿಹೋಗುತ್ತದೋ ಅಂತ. ಮೂರು ಕಡೆ ಪ್ರತಿ ಇಟ್ಟಿದ್ದೇವೆ ಅಂದರೂ ಕಡ್ಡಿಯನ್ನು ಬಹಳ ಮೆತ್ತಗೆ ಮುಟ್ಟಿಸುತ್ತಾರೆ.

ಹಳೇ ಸ್ಟೈಲಸ್

ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ಹೇಳಿ. ಸೆಲ್ಲುಗಳನ್ನು ಎರಡು ತಿಂಗಳಿಗೊಮ್ಮೆ ಬದಲಿಸಿ. ಬಳಸದೆ ಇಡುವ ಹಾಗಿದ್ದರೆ ತೆಗೆದೇ ಇಡಿ.

ಕೆರೆ ಏರಿ

ಮುಂದಿನ ತಿಂಗಳಿಗೆ ಒಂದು ವಿಷಯ. ಮಲ್ಲೇಶ್ವರದ ಹಿರಿಯರೊಬ್ಬರ ಮನೆಯಲ್ಲಿ ಅಮಿಡಾ ಒಂದು ಇದೆ ಅಂತ ಗೊತ್ತಾಗಿದೆ. ಬ್ಯಾಟರಿ ಉಬ್ಬಿದೆ, ಚಾರ್ಜರ್ ಕಳೆದಿದೆ. ಕೊಡಲು ಒಪ್ಪಿದ್ದಾರೆ. ಬೆಸುಗೆ ಅಣ್ಣ, ಉಬ್ಬಿದ ಬ್ಯಾಟರಿಯನ್ನು ನಾನು ಮುಟ್ಟಲಾ, ನೀವು ಬರುವವರೆಗೆ ಕಾಯಲಾ?

ಬೆಸುಗೆ

ಬ್ಯಾಟರಿ ಮುಟ್ಟಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಲೇಬೇಡಿ. ಮಿಷನ್ನನ್ನು ಹಾಗೆಯೇ ಮರಳು ತುಂಬಿದ ಬಕೆಟ್ಟಿನಲ್ಲಿ ಇಟ್ಟು ಮನೆಯ ಹೊರಗೆ ನೆರಳಲ್ಲಿ ಇಡಿ. ಶನಿವಾರ ರಾತ್ರಿಯೇ ಬಸ್ ಹತ್ತುತ್ತೇನೆ.